ಅನಂತಪುರದಿಂದ ತಿರುವನಂತಪುರಕ್ಕೆ, ಅಮ್ಮನೊಂದಿಗೆ ಕಾರಿನಲ್ಲಿ: ದಾರಿ ಬಲ್ಲವರು ಹೇಳಿ

ಪೆರ್ಲದ ಅಡಕೆಯವ:

ನನ್ನ ಅಮ್ಮನಿಗೆ ಈಗ 77 ವರ್ಷ. ಹುಟ್ಟಿದ್ದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಎರಡನೆಯ ತರಗತಿಯಲ್ಲಿದ್ದಾಗ 1956ರ ನವೆಂಬರ್ 1 ಬಂತು. ಮನೆ ಅಲ್ಲೇ ಇತ್ತು, ಬಾವಿ ಅಲ್ಲೇ ಇತ್ತು, ಕನ್ನಡ ಮಾಷ್ಟ್ರೂ ಅವರೇ ಇದ್ದರು. ರಾಜ್ಯ ಮಾತ್ರ ಬೇರೆಯಾಯಿತು, ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಮತದ ಹಕ್ಕು ಬಂದಂದಿನಿಂದ ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. ಕಾಶಿ, ಬದರಿ ಕಂಡು ಬಂದಿದ್ದಾರೆ. ಮಂಗಳೂರಿನ ಆಸ್ಪತ್ರೆಗಳಲ್ಲಿ ಯಾವ ಮಹಡಿಯಲ್ಲಿ ಎಕ್ಸ್‌ರೇ, ಯಾವ ಮಹಡಿಯಲ್ಲಿ ರಕ್ತ ಪರೀಕ್ಷೆ ಎಂದು ನನಗಿಂತ ಚೆನ್ನಾಗಿ ಬಲ್ಲರು. ಆದರೆ ತೆಂಕು ದಿಕ್ಕಿನಲ್ಲಿ ಪಯ್ಯನ್ನೂರಿನ ಒಂದು ಮದುವೆಯೇ ಅವರ ಗಡಿ.

ಕಳೆದ ತಿಂಗಳು ಸಂಜೆ ಅಂಗಳದ ಅಡಕೆ ರಾಶಿ ಮಾಡುತ್ತಿದ್ದಾಗ ಇದ್ದಕ್ಕಿದ್ದಂತೆ ಕೇಳಿದರು: “ಅಲ್ಲ ಮಾರಾಯ, ನಮ್ಮ ರಾಜಧಾನಿ ನೋಡುವುದಕ್ಕೆ ಹೇಗುಂಟು?” ನನ್ನ ಬಳಿ ಉತ್ತರ ಇರಲಿಲ್ಲ. ನಾನು ಹೋದದ್ದು ಒಂದೇ ಸಲ, ರಾತ್ರಿ ರೈಲಿನಲ್ಲಿ, ಒಂದು ಕಾಗದಕ್ಕೆ ಮುದ್ರೆ ಒತ್ತಿಸಲು. ನಿಲ್ದಾಣ, ಆಟೋ, ಒಂದಷ್ಟು ಮೆಟ್ಟಿಲು, ಮುದ್ರೆ, ಮತ್ತೆ ನಿಲ್ದಾಣ. ಅದನ್ನು ಊರು ನೋಡಿದ್ದು ಎನ್ನಲು ನನಗೇ ನಾಚಿಕೆಯಾಯಿತು. “ಹೋಗಿಯೇ ನೋಡುವ” ಎಂದುಬಿಟ್ಟೆ. ಹೇಳಿದ ಮೇಲೆ ಮರುದಿನವೇ ಅಮ್ಮ ನೆರೆಕರೆಗೆಲ್ಲ ಸುದ್ದಿ ಹಂಚಿದ್ದರಿಂದ ಈಗ ಹಿಂದೆ ಸರಿಯುವ ದಾರಿಯಿಲ್ಲ.

ಹೊರಡುವ ಜಾಗವನ್ನೂ ಅವರೇ ನಿಶ್ಚಯಿಸಿದ್ದಾರೆ: ಕುಂಬಳೆಯ ಹತ್ತಿರದ ಅನಂತಪುರದ ಸರೋವರ ಕ್ಷೇತ್ರ. ಕಥೆ ನಿಮಗೆ ಗೊತ್ತಿರುತ್ತದೆ. ಬಿಲ್ವಮಂಗಲ ಸ್ವಾಮಿಗಳ ಪೂಜೆಗೆ ಉಪದ್ರ ಕೊಡುತ್ತಿದ್ದ ಹುಡುಗನನ್ನು ಅವರು ಎಡಗೈಯಲ್ಲಿ ನೂಕಿದಾಗ ಅವನು ಗುಹೆಯೊಳಗೆ ಮಾಯವಾದ. ನೋಡಬೇಕೆನಿಸಿದರೆ ಅನಂತನ ಕಾಡಿಗೆ ಬಾ ಎಂದ. ಆ ಕಾಡೇ ಇಂದಿನ ತಿರುವನಂತಪುರ. ಹಾಗಾಗಿ ಪದ್ಮನಾಭನ ಮೂಲಸ್ಥಾನ ನಮ್ಮ ಅನಂತಪುರ. ಇಲ್ಲಿ ದೇವರು ಕುಳಿತಿದ್ದಾನೆ, ಅಲ್ಲಿ ಮಲಗಿದ್ದಾನೆ. “ಅಷ್ಟು ದೂರ ಗುಹೆಯಲ್ಲಿ ಹೋದವನು ಮಲಗದೆ ಏನು ಮಾಡಿಯಾನು?” ಎಂಬುದು ಅಮ್ಮನ ವ್ಯಾಖ್ಯಾನ. 2022ರ ಅಕ್ಟೋಬರಿನಲ್ಲಿ ಅಲ್ಲಿನ ಮೊಸಳೆ ಬಬಿಯಾ ಸತ್ತಾಗ ಅವರು ನೆಂಟರ ಮನೆಯ ಸಾವಿಗೆ ಹೋಗುವಂತೆ ಹೋಗಿ ಬಂದಿದ್ದರು. ಮರುವರ್ಷ ಸರೋವರದಲ್ಲಿ ಬೇರೊಂದು ಮೊಸಳೆ ಕಾಣಿಸಿದೆ ಎಂದು ಕೇಳಿ ಮತ್ತೊಮ್ಮೆ ಹೋದರು. ಅದು ಮುಖ ತೋರಿಸಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಾವು ಮೂವರು: ಅಮ್ಮ, ಹೆಂಡತಿ, ನಾನು. ಹತ್ತು ವರ್ಷದ ವ್ಯಾಗನಾರ್. ಅಂದಾಜು ಹಾಕಿರುವುದು ಆರು ದಿನ, ಜನವರಿ ಎರಡನೆಯ ವಾರ. ಮೊದಲ ಕೊಯ್ಲಿನ ಅಡಕೆ ಆ ಹೊತ್ತಿಗೆ ಒಣಗಿ ಒಳಗಾಗಿರುತ್ತದೆ. ಕಣ್ಣೂರು, ಕಲ್ಲಿಕೋಟೆ, ತೃಶೂರು, ಕೊಚ್ಚಿ, ಆಲಪ್ಪುಳ, ಕೊಲ್ಲಂ, ತಿರುವನಂತಪುರ ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ. ಬರುವಾಗ ಅದೇ ದಾರಿಯೋ ಬೇರೆಯೋ ತಿಳಿಯದು. ಬೆಂಗಳೂರಿನ ಮಗನನ್ನು ಕೇಳಿದರೆ “ಮೊಬೈಲ್ ದಾರಿ ತೋರಿಸುತ್ತದಲ್ಲ” ಎನ್ನುತ್ತಾನೆ. ಮೊಬೈಲಿಗೆ ಅಮ್ಮನ ಮಂಡಿನೋವು ಗೊತ್ತಿಲ್ಲ. ಎರಡು ಗಂಟೆಗೊಮ್ಮೆ ಇಳಿಯಬೇಕು, ಇಳಿದಲ್ಲಿ ಕುಳಿತುಕೊಳ್ಳುವ ಶೌಚಾಲಯ ಬೇಕು. ಊಟ ಶುದ್ಧ ಸಸ್ಯಾಹಾರ. ಮೆಟ್ಟಿಲು ಕಡಿಮೆ ಇರಬೇಕು. ಇನ್ನೊಂದು: ನಾವು ಮನೆಯಲ್ಲಿ ಹವ್ಯಕ, ಪೇಟೆಯಲ್ಲಿ ತುಳು ಮತ್ತು ಮಲಯಾಳ ಮಾತನಾಡುವವರು. ನಮ್ಮ ಮಲಯಾಳ ಕಣ್ಣೂರಿನಲ್ಲೇ ಅರ್ಧ ಬೆಲೆಗೆ ಹೋಗುತ್ತದೆ, ಕೊಲ್ಲಂ ಕಡೆ ಚಲಾವಣೆಯಾಗುತ್ತದೆಯೇ?

ಆರು ದಿನ ಸಾಕೇ? ಏನು ನೋಡಲೇಬೇಕು ಎಂದು ಕೇಳುವುದಿಲ್ಲ. ಏನನ್ನು ಬಿಟ್ಟರೆ ನಷ್ಟವಿಲ್ಲ ಎಂದು ಹೇಳಿ.


ಕುಂಬಳೆ ಪ್ಲಾಟ್‌ಫಾರ್ಮ್:

ಕಾರು ಬಿಡಿ. 2023ರ ಏಪ್ರಿಲಿನಿಂದ ಕಾಸರಗೋಡಿನಿಂದಲೇ ವಂದೇ ಭಾರತ್ ಇದೆ. ಸುಮಾರು ಎಂಟು ಗಂಟೆಯಲ್ಲಿ ತಿರುವನಂತಪುರ. ಕುಳಿತಲ್ಲಿಗೆ ಊಟ, ಗಾಡಿಯೊಳಗೇ ಶೌಚಾಲಯ, ಮಂಡಿ ಚಾಚಲು ಜಾಗ. ಅಲ್ಲಿ ಇಳಿದು ಒಂದು ಟ್ಯಾಕ್ಸಿ ಹಿಡಿದರೆ ಮುಗಿಯಿತು. ಹೆದ್ದಾರಿಯ ಧೂಳು ಕುಡಿಯಲು 580 ಕಿಲೋಮೀಟರ್ ಹೋಗಬೇಕೇ?


ಪೆರ್ಲದ ಅಡಕೆಯವ:

ರೈಲಿನಲ್ಲಿ ಹೋದರೆ ಕಿಟಕಿಯಲ್ಲಿ ಕಾಣುವುದು ಎಲ್ಲ ಊರುಗಳ ಹಿತ್ತಿಲು. ಅಮ್ಮನಿಗೆ ಅಂಗಳ ನೋಡಬೇಕು. ಆದರೆ ನಿಮ್ಮ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ, ಗಂಟು ಕಟ್ಟಿ ಇಟ್ಟುಕೊಂಡಿದ್ದೇನೆ.


ನಾಲ್ಕು ಚಕ್ರ, ಸೀತಾಂಗೋಳಿ:

ಹದಿನೆಂಟು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. ಮದುವೆ ದಿಬ್ಬಣ, ವಿಮಾನ ನಿಲ್ದಾಣ, ಶಬರಿಮಲೆ ಎಂದು ಈ ದಾರಿಯಲ್ಲಿ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ.

ಮೊದಲನೆಯದಾಗಿ ದಿನಾಂಕ ಬದಲಿಸಿ. ಜನವರಿ ಎರಡನೆಯ ವಾರ ಎಂದರೆ ಶಬರಿಮಲೆಯ ಮಕರವಿಳಕ್ಕು ಉತ್ಸವ. 14ರ ಹಿಂದೆ ಮುಂದೆ ಚೆಂಗನ್ನೂರು, ಕೋಟ್ಟಯಂ, ಎಟ್ಟುಮಾನೂರು ಕಡೆಯ ರಸ್ತೆಗಳಲ್ಲಿ ಕಪ್ಪು ಪಂಚೆಯವರ ಬಸ್ಸುಗಳ ಹೊರತು ಬೇರೇನೂ ಕಾಣುವುದಿಲ್ಲ, ವಸತಿಗೃಹದಲ್ಲಿ ಕೋಣೆಯೂ ಸಿಗುವುದಿಲ್ಲ. 20ರ ಹೊತ್ತಿಗೆ ಕ್ಷೇತ್ರದ ಬಾಗಿಲು ಮುಚ್ಚುತ್ತದೆ. ಆ ಬಳಿಕ ಹೊರಡಿ. ಹಾಗೆಂದು ತೀರಾ ತಡಮಾಡಬೇಡಿ: ಕುಂಭಮಾಸದಲ್ಲಿ (ಫೆಬ್ರವರಿ, ಮಾರ್ಚ್) ಆಟ್ಟುಕಾಲ್ ಪೊಂಗಾಲ ಬರುತ್ತದೆ, ಅಂದು ತಿರುವನಂತಪುರದ ಬೀದಿಬೀದಿಗಳಲ್ಲಿ ಹೆಂಗಸರು ಇಟ್ಟಿಗೆ ಇಟ್ಟು ಒಲೆ ಹೂಡುತ್ತಾರೆ. ನೋಡುವುದಕ್ಕೆ ಚೆಂದ, ಕಾರು ಓಡಿಸುವುದಕ್ಕೆ ಅಲ್ಲ.

ಇನ್ನು ರಸ್ತೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಆರು ಪಥ ನಿಮಗೆ ಗೊತ್ತೇ ಇದೆ. ಅದನ್ನು ನಂಬಿ ಇಡೀ ರಾಷ್ಟ್ರೀಯ ಹೆದ್ದಾರಿ 66 ಹೀಗೆಯೇ ಇರುತ್ತದೆ ಎಂದು ಎಣಿಸಿದರೆ ಮೋಸಹೋಗುತ್ತೀರಿ. ಚೆಂಗಳ ದಾಟಿದ ಮೇಲೆ ಒಮ್ಮೆ ರಾಜರಸ್ತೆ, ಒಮ್ಮೆ ಗುಂಡಿ, ಒಮ್ಮೆ ಬದಿಯ ಸರ್ವಿಸ್ ರಸ್ತೆ. ನಾನಾದರೆ ಕಾಸರಗೋಡಿನಿಂದ ಚಂದ್ರಗಿರಿ ಸೇತುವೆ ದಾಟಿ ಬೇಕಲದ ಕರಾವಳಿ ರಸ್ತೆಯಲ್ಲಿ ಹೊಸದುರ್ಗಕ್ಕೆ ಹೋಗುತ್ತೇನೆ. ಅಮ್ಮನಿಗೆ ಮೊದಲೇ ಹೇಳಿಡಿ, ಫಲಕದಲ್ಲಿ ಕಾಞಂಗಾಡ್ ಎಂದಿರುತ್ತದೆ. ಇಲ್ಲವಾದರೆ ಹೊಸದುರ್ಗ ಎಲ್ಲಿ ಹೋಯಿತು ಎಂದು ಕೇಳುತ್ತಾರೆ, ನನ್ನ ಅಜ್ಜಿ ಪ್ರತಿ ಸಲ ಕೇಳುತ್ತಿದ್ದರು.

ಬೆಳಗಿನ ಚಹಕ್ಕೆ ಪರಶ್ಶಿನಿಕಡವಿನ ಮುತ್ತಪ್ಪ ದೇವರ ಕ್ಷೇತ್ರ. ಮುತ್ತಪ್ಪನಿಗೆ ಸಲ್ಲುವುದು ಮೀನು ಮತ್ತು ಕಳ್ಳು, ಆದರೆ ಬಂದವರ ಕೈಗೆ ಸಿಗುವುದು ಬೇಯಿಸಿದ ಹೆಸರುಕಾಳು, ತೆಂಗಿನ ಚೂರು, ಒಂದು ಲೋಟ ಚಹ. ನಾಯಿಗಳು ನಿಮ್ಮ ಪಕ್ಕದಲ್ಲೇ ಮಲಗಿರುತ್ತವೆ, ಯಾರೂ ಓಡಿಸುವುದಿಲ್ಲ. ಆಮೇಲೆ ತಲಶೇರಿ ಪೇಟೆಗೆ ಇಳಿಯಬೇಡಿ. 2024ರ ಮಾರ್ಚಿನಲ್ಲಿ ತೆರೆದ 18.6 ಕಿಲೋಮೀಟರ್ ಬೈಪಾಸ್ ಮುಳಪ್ಪಿಲಂಗಾಡಿನಲ್ಲಿ ಹತ್ತಿಸಿ ಅಳಿಯೂರಿನಲ್ಲಿ ಇಳಿಸುತ್ತದೆ. ಮುಂಚೆ ಆ ಎರಡು ಪೇಟೆಗಳಲ್ಲಿ ನನ್ನ ಆಯುಸ್ಸಿನ ಒಂದು ಪಾಲು ಹೋಗಿದೆ. ಮಾಹೆ ಪುದುಚೇರಿಗೆ ಸೇರಿದ್ದು, ಪೆಟ್ರೋಲಿಗೆ ಅಲ್ಲಿ ನಮ್ಮಲ್ಲಿಗಿಂತ ಕಡಿಮೆ ಬೆಲೆ. ಟ್ಯಾಂಕನ್ನು ಅರ್ಧ ಖಾಲಿ ಇಟ್ಟುಕೊಂಡೇ ಕುಂಬಳೆಯಿಂದ ಹೊರಡಿ.

ಕಲ್ಲಿಕೋಟೆ ನಗರದೊಳಗೆ ಕೆಲಸವಿಲ್ಲದಿದ್ದರೆ 28 ಕಿಲೋಮೀಟರ್ ಬೈಪಾಸ್ ಇದೆ. ಆದರೆ ಮೊದಲ ರಾತ್ರಿ ಅಲ್ಲೇ ತಂಗಿ. 190 ಕಿಲೋಮೀಟರ್ ಅಮ್ಮನಿಗೆ ಒಂದು ದಿನಕ್ಕೆ ಧಾರಾಳ. ಸಂಜೆ ಮಿಠಾಯಿ ತೆರುವಿನಲ್ಲಿ ಹಲ್ವ ಕೊಳ್ಳಿ. ಅಲ್ಲಿ ವಾಹನ ಬಿಡುವುದಿಲ್ಲ, ಬೆಂಚುಗಳಿವೆ, ಕುಳಿತು ತಿನ್ನಬಹುದು. ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ 2025ರ ಮೇ ತಿಂಗಳಲ್ಲಿ ಹೊಸ ರಸ್ತೆಯೇ ಕುಸಿದು ಗದ್ದೆಗೆ ಇಳಿದಿತ್ತು, ಪತ್ರಿಕೆಯಲ್ಲಿ ನೋಡಿರುತ್ತೀರಿ. ಆ ಕಡೆ ಹೊರಡುವ ದಿನ ಬೆಳಿಗ್ಗೆ ಯಾರನ್ನಾದರೂ ವಿಚಾರಿಸಿ.

ಕೊಚ್ಚಿಯ ತೆಂಕಕ್ಕೆ ಅರೂರಿನಿಂದ ತುರವೂರಿಗೆ ಮೇಲ್ಸೇತುವೆಯ ಕೆಲಸ. ಹನ್ನೆರಡು ಹದಿಮೂರು ಕಿಲೋಮೀಟರಿಗೆ ಒಂದೂವರೆ ಗಂಟೆ ಕುಳಿತವನು ನಾನು, ಹಿಂದಿನ ಸೀಟಿನಲ್ಲಿ ವಿಮಾನ ತಪ್ಪಿದವರು ಅಳುತ್ತಿದ್ದರು. ಫೋರ್ಟ್ ಕೊಚ್ಚಿಯಿಂದ ಚೆಲ್ಲಾನಂ ಮೂಲಕ ಸಮುದ್ರದ ಬದಿಯ ರಸ್ತೆ ಹಿಡಿಯಿರಿ. ಕಿರಿದು, ಆದರೆ ಓಡುತ್ತದೆ.

ಆರು ದಿನ ನಿಮ್ಮ ಕಾರಿಗೆ ಸಾಕು, ಮಂಡಿಗೆ ಸಾಲದು. ಎಂಟು ಮಾಡಿ.

ಬಿಡಬಹುದಾದ್ದು ಯಾವುದೆಂದು ಕೇಳಿದಿರಿ. ದೋಣಿಮನೆ (ಹೌಸ್‌ಬೋಟ್). ಮಂಡಿನೋವಿನವರಿಗೆ ಅದಕ್ಕೆ ಹತ್ತಿ ಇಳಿಯುವುದೇ ಕಷ್ಟ, ದುಡ್ಡೂ ದಂಡ. ಆಲಪ್ಪುಳದಿಂದ ಕೋಟ್ಟಯಂಗೆ ಸರಕಾರಿ ಜಲಸಾರಿಗೆ ದೋಣಿ ಹೋಗುತ್ತದೆ, ಅದೇ ನೀರು, ಅದೇ ಗದ್ದೆ, ಬಸ್ಸಿನಂತೆ ಟಿಕೆಟ್. ಬಿಡಬಾರದ್ದು ವರ್ಕಲದ ಶಿವಗಿರಿ. ಮಂಗಳೂರಿನ ನಮ್ಮ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳ ಸಮಾಧಿ ಅಲ್ಲಿದೆ. ನಾನು ಬಾಡಿಗೆ ಇರಲಿ, ಇಲ್ಲದಿರಲಿ, ಆ ದಾರಿಯಲ್ಲಿ ಹೋದರೆ ಹತ್ತು ನಿಮಿಷ ನಿಲ್ಲಿಸುತ್ತೇನೆ.


ಮೀಯಪದವಿನ ಸೊಸೆ:

ಕಳೆದ ವರ್ಷ ಅತ್ತೆಯನ್ನು ಕರೆದುಕೊಂಡು ಹೀಗೆಯೇ ಹೋಗಿದ್ದೆವು, ತೃಶೂರಿನವರೆಗೆ ಮಾತ್ರ. ಶೌಚಾಲಯದ ಪ್ರಶ್ನೆ ಕೇಳಿದ ಮೊದಲ ಗಂಡಸು ನೀವು, ಅದಕ್ಕಾಗಿಯೇ ಉತ್ತರಿಸುತ್ತಿದ್ದೇನೆ. ರಸ್ತೆ ಬದಿಯಲ್ಲಿ ಪಂಚಾಯಿತಿ, ನಗರಸಭೆಗಳು ನಡೆಸುವ ‘ಟೇಕ್ ಎ ಬ್ರೇಕ್’ ಎಂಬ ವಿಶ್ರಾಂತಿ ತಾಣಗಳಿವೆ. ಎಲ್ಲವೂ ಒಂದೇ ಮಟ್ಟದಲ್ಲಿಲ್ಲ, ಕೆಲವಕ್ಕೆ ಬೀಗ. ಪೆಟ್ರೋಲ್ ಬಂಕಿಗಿಂತ ವಾಸಿ. ನಾವು ಒಂದು ಮಡಚುವ ಕುರ್ಚಿಯನ್ನೂ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೆವು. ಕ್ಷೇತ್ರದ ಹೊರಗೆ ಕಾಯುವಾಗ, ಚಹ ಕುಡಿಯುವಾಗ, ಕೊನೆಗೆ ಸೋಪು ಅಂಗಡಿಯ ಮುಂದೆಯೂ ಅತ್ತೆ ಅದರಲ್ಲೇ ಕುಳಿತರು. ಹೋಟೆಲಿನಲ್ಲಿ ಕೊಡುವ ನಸುಗೆಂಪು ಬಿಸಿನೀರು ಕಂಡು ಗಾಬರಿಯಾಗಬೇಡಿ, ಪದಿಮುಗಂ ಚಕ್ಕೆ ಹಾಕಿ ಕುದಿಸಿದ್ದು. ನಮ್ಮ ಅತ್ತೆ ಲೋಟ ಸರಿಯಾಗಿ ತೊಳೆದಿಲ್ಲ ಎಂದು ಎರಡು ಸಲ ಹಿಂದಕ್ಕೆ ಕಳಿಸಿದ್ದರು.

ನಿಮ್ಮ ಅಮ್ಮ ಯಕ್ಷಗಾನ ಆಟ ನೋಡುವವರೇ? ಹೌದಾದರೆ ಕಥಕಳಿ ಕಲಿಸುವ ಚೆರುತುರುತ್ತಿಯ ಕೇರಳ ಕಲಾಮಂಡಲಕ್ಕೆ ಅರ್ಧ ದಿನ ಇಡಿ. ಕುಟ್ಟಿಪ್ಪುರದಿಂದ ಪಟ್ಟಾಂಬಿ, ಶೊರ್ನೂರು ದಾಟಿದರೆ ಸಿಗುತ್ತದೆ, ಹೊಳೆಯ ಬದಿಯ ದಾರಿ. ಮಹಾಕವಿ ವಳ್ಳತ್ತೋಳ್ 1930ರಲ್ಲಿ ಕಟ್ಟಿದ ಸಂಸ್ಥೆ. ರಜೆ ಇಲ್ಲದ ದಿನ ಬೆಳಿಗ್ಗೆ ಹೋಗಬೇಕು, ಆಗ ಪಾಠ ನಡೆಯುತ್ತಿರುತ್ತದೆ. ನಾವು ನಿಂತ ಕಳರಿಯಲ್ಲಿ, ಎಂದರೆ ಅಭ್ಯಾಸದ ಕೊಠಡಿಯಲ್ಲಿ, ಹನ್ನೆರಡು ಹದಿಮೂರರ ಹುಡುಗನೊಬ್ಬ ಕುಳಿತು ಕಣ್ಣು ಸಾಧಿಸುತ್ತಿದ್ದ. ಆಶಾನರು (ಗುರುಗಳು) ಮರದ ತುಂಡಿನ ಮೇಲೆ ಕೋಲಿನಿಂದ ತಾಳ ಹಾಕುತ್ತಿದ್ದರು. ತಾಳದ ಒಂದೊಂದು ಪೆಟ್ಟಿಗೂ ಆ ಹುಡುಗನ ಕಣ್ಣುಗುಡ್ಡೆ ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ. ಮುಖದಲ್ಲಿ ಬೇರೊಂದು ನರವೂ ಅಲುಗುತ್ತಿರಲಿಲ್ಲ. ಕಣ್ಣಿನಿಂದ ನೀರು ಇಳಿದು ಗಲ್ಲದಲ್ಲಿ ನಿಂತಿತ್ತು, ಅದನ್ನೂ ಒರೆಸಲಿಲ್ಲ. ಅತ್ತೆ ಕಿಟಕಿಯ ಸರಳು ಹಿಡಿದು ಅರ್ಧ ಗಂಟೆ ನಿಂತರು, ಕುರ್ಚಿ ಬೇಡವೆಂದರು. ರಾತ್ರಿ ಮಾತ್ರ ತಕರಾರು: “ಅಷ್ಟು ಹೊತ್ತು ಕಣ್ಣು ತಿರುಗಿಸಿದ, ವೇಷ ಕಟ್ಟಿದ ಮೇಲೂ ಬಾಯಿ ಬಿಡುವುದಿಲ್ಲವಂತೆ. ಮಾತಿಲ್ಲದ ಮೇಲೆ ಅರ್ಥಗಾರಿಕೆ ಎಲ್ಲಿಂದ?” ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಸಮೀಪದವರಿಗೆ ಆ ತಕರಾರು ಸಹಜವೇ. ಚೆಂಡೆಯ ಪೆಟ್ಟು ಕೇಳಿದಾಗ ಮಾತ್ರ “ಇದು ನಮ್ಮದೇ” ಎಂದರು.

ತಿರುವನಂತಪುರದ ಕ್ಷೇತ್ರಕ್ಕೆ ಹೆಂಗಸರಿಗೆ ಸೀರೆ, ಗಂಡಸರಿಗೆ ಮುಂಡು, ಮೈಮೇಲೆ ಅಂಗಿ ಇರಬಾರದು. ಪೆರ್ಲದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಆದರೂ ಹೆಂಡತಿ ಚೂಡಿದಾರ ಮಾತ್ರ ತುಂಬಿಕೊಂಡು ಹೊರಟಾರು.


ವಂಚಿಯೂರಿನ ಹಳಬ:

ನಾನು ಕುಂಬಳೆ ಸೀಮೆಯವನು. 1981ರಿಂದ ಕೆಲಸದ ನಿಮಿತ್ತ ಇಪ್ಪತ್ತಾರು ವರ್ಷ ತಿರುವನಂತಪುರದಲ್ಲಿದ್ದೆ. ಈಗ ಊರಲ್ಲಿ ಎರಡು ದನ, ಒಂದು ಪತ್ರಿಕೆ.

ಭಾಷೆಯ ಪ್ರಶ್ನೆಗೆ ಮೊದಲು ಉತ್ತರ. ಮೊದಲ ದಿನ ಅಂಗಡಿಯಲ್ಲಿ ನಾನು ನಮ್ಮ ಮಲಯಾಳದಲ್ಲಿ ಸಾಬೂನು ಕೇಳಿದಾಗ ಅಂಗಡಿಯವನು ಬಹಳ ಮರ್ಯಾದೆಯಿಂದ ತಮಿಳಿನಲ್ಲಿ ಉತ್ತರಿಸಿದ. ಹತ್ತು ವರ್ಷದ ಬಳಿಕ ಬೆಂಗಳೂರಿನಲ್ಲಿ ಒಬ್ಬರು ನನ್ನ ಕನ್ನಡ ಕೇಳಿ “ನೀವು ಕೇರಳದವರಾಗಿಯೂ ಎಷ್ಟು ಚೆನ್ನಾಗಿ ಕಲಿತಿದ್ದೀರಿ” ಎಂದು ಮೆಚ್ಚಿದರು. ಎರಡಕ್ಕೂ ನಕ್ಕು ಸುಮ್ಮನಾಗಿದ್ದೇನೆ. ನಿಮ್ಮ ಅಮ್ಮನಿಗೆ ತೊಂದರೆಯಾಗದು. ಮುದುಕಿಯರ ಮಾತು ಎಲ್ಲ ಊರಿನಲ್ಲೂ ಅರ್ಥವಾಗುತ್ತದೆ, ಮುಖ್ಯವಾಗಿ ಮಂಡಿನೋವಿನ ವಿಷಯಕ್ಕೆ ಬಂದಾಗ.

ಪದ್ಮನಾಭಸ್ವಾಮಿಗೂ ನಮ್ಮ ಸೀಮೆಗೂ ನಂಟು ಕಥೆಯದು ಮಾತ್ರವಲ್ಲ. ಅಲ್ಲಿ ಪೂಜೆ ಮಾಡುವ ನಂಬಿಗಳು ಅಕ್ಕರೆ ದೇಶಿ, ಇಕ್ಕರೆ ದೇಶಿ ಮನೆತನಗಳಿಂದ ಬರಬೇಕೆಂಬುದು ಪದ್ಧತಿ. ಯಾವ ಹೊಳೆಯ ಆಚೆ ಕರೆ, ಈಚೆ ಕರೆ? ನಮ್ಮ ಚಂದ್ರಗಿರಿಯದು. ನಾನು ಮೊದಲ ಸಲ ಒಳಗೆ ಹೋದಾಗ ಗರ್ಭಗುಡಿಯ ಎದುರಿನ ಒಟ್ಟಕ್ಕಲ್ ಮಂಟಪದ ಕೆಳಗೆ ನಿಂತು ಏನೋ ಗೊಣಗಿದೆ, ಅಲ್ಲೇ ಹಾದುಹೋಗುತ್ತಿದ್ದ ಪರಿಚಾರಕರೊಬ್ಬರು ತುಳುವಿನಲ್ಲಿ “ಯಾವ ಊರು?” ಎಂದು ಕೇಳಿದರು. ಮನೆ ಬಿಟ್ಟು ಮೂರು ತಿಂಗಳಾಗಿತ್ತು. ದೇವರನ್ನು ಆ ದಿನ ಸರಿಯಾಗಿ ನೋಡಿದೆನೆಂದು ಹೇಳಲಾರೆ.

ಈ ಪೂಜೆಯವರ ಸಂಗತಿಯನ್ನು ಅಮ್ಮನಿಗೆ ಹೊರಡುವ ಮೊದಲೇ ಹೇಳಿ. ಉಳಿದದ್ದು: ಬೆಳಿಗ್ಗೆ 3.30ಕ್ಕೆ ನಿರ್ಮಾಲ್ಯ. ಆಮೇಲೆ ಪೂಜೆಗಳ ನಡುನಡುವೆ ದರ್ಶನ ನಿಲ್ಲುತ್ತದೆ, ವೇಳೆಯನ್ನು ಹಿಂದಿನ ಸಂಜೆ ಕೇಳಿಟ್ಟುಕೊಳ್ಳಿ. ಮೊಬೈಲ್ ಒಳಗಿಲ್ಲ. ಮಂಟಪಕ್ಕೆ ಹತ್ತಲು ಕೆಲವು ಮೆಟ್ಟಿಲುಗಳಿವೆ. ಮೂರು ಬಾಗಿಲುಗಳಲ್ಲಿ ಮೂರು ಭಾಗವಾಗಿ ನೋಡಬೇಕು, ಒಂದರಲ್ಲಿ ಮುಖ, ಒಂದರಲ್ಲಿ ನಾಭಿ, ಒಂದರಲ್ಲಿ ಪಾದ. ಹಿಂದಿನವರು ನೂಕುತ್ತಾರೆ. ಮುಖದ ಬಾಗಿಲಿನಲ್ಲೇ ಸಮಯ ಕಳೆದರೆ ಪಾದ ತಪ್ಪುತ್ತದೆ, ಅಮ್ಮನನ್ನು ನೀವು ಸ್ವಲ್ಪ ಮುಂದಕ್ಕೆ ಸರಿಸಬೇಕಾದೀತು. ನಮ್ಮ ಅನಂತಪುರದ ಮೂಲ ವಿಗ್ರಹದಂತೆಯೇ ಅಲ್ಲಿನ ವಿಗ್ರಹವೂ ಕಡುಶರ್ಕರ ಎಂಬ ಮೂಲಿಕೆ, ಅಂಟುಗಳ ಪಾಕದ್ದು, ಕಲ್ಲಿನದ್ದಲ್ಲ.

ರಾಜಧಾನಿ ಹೇಗಿದೆ ಎಂದು ಕೇಳಿದವರಿಗೆ ಕ್ಷೇತ್ರವೊಂದನ್ನೇ ತೋರಿಸಿದರೆ ಸಾಲದು. ವಿಧಾನಸಭೆಯ ಕಟ್ಟಡದ ಮುಂದೆ ಕಾರು ನಿಧಾನಿಸಿ ತೋರಿಸಿ. 1957ರ ಮೊದಲ ಚುನಾವಣೆಯಲ್ಲೇ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆರಿಸಿ ಬಂದವರು. 2021ರಲ್ಲಿ ಮಂಜೇಶ್ವರದ ಶಾಸಕರು ಅಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಕನ್ನಡದಲ್ಲಿ. ಅಮ್ಮನ ಮತಗಳು ಹೋಗಿ ಬಿದ್ದ ಜಾಗ ಅದು. ವಸ್ತುಸಂಗ್ರಹಾಲಯಕ್ಕೆ ಹೋಗುವುದಾದರೆ ಸೋಮವಾರ ಬೇಡ, ಮುಚ್ಚಿರುತ್ತದೆ.

ರೈಲು ನಿಲ್ದಾಣದ ಎದುರು ತಂಬಾನೂರಿನಲ್ಲಿ ಕೆಂಪು ಇಟ್ಟಿಗೆಯ ಗೋಪುರದಂತಿರುವ ಇಂಡಿಯನ್ ಕಾಫಿ ಹೌಸ್ ಇದೆ, ಲಾರಿ ಬೇಕರ್ ಕಟ್ಟಿದ್ದು. ಒಳಗೆ ಮಹಡಿಗಳೇ ಇಲ್ಲ. ನೆಲವೇ ಬಸವನಹುಳದ ಚಿಪ್ಪಿನಂತೆ ಸುತ್ತುತ್ತ ಮೇಲೇರುತ್ತದೆ, ಗೋಡೆಗೆ ಒತ್ತಿ ಕಲ್ಲಿನಂತಹ ಬೆಂಚುಗಳು. ಮೊದಲ ಸುತ್ತಿನಲ್ಲೇ ಕೂರಿಸಿ. ಮಸಾಲೆ ದೋಸೆ ಹೇಳಿದರೆ ಪಲ್ಯ ರಕ್ತದ ಬಣ್ಣದಲ್ಲಿರುತ್ತದೆ, ಬೀಟ್‌ರೂಟ್ ಅದು, ಹೆದರಬೇಡಿ. ಅದು ಸಸ್ಯಾಹಾರಿ ಹೋಟೆಲಲ್ಲ, ಪಕ್ಕದ ಮೇಜಿಗೆ ಏನು ಬೇಕಾದರೂ ಬರಬಹುದು. ಅಮ್ಮನ ಮಡಿ ಎಷ್ಟೆಂಬುದು ನಿಮಗೆ ಗೊತ್ತು.

ಬರುವ ದಾರಿಗೆ ಒಳನಾಡಿನ ಎಂಸಿ ರಸ್ತೆ (ಮೇನ್ ಸೆಂಟ್ರಲ್ ರೋಡ್). ಕೇಶವದಾಸಪುರದಿಂದ ಅಂಗಮಾಲಿಗೆ ಸುಮಾರು 240 ಕಿಲೋಮೀಟರ್. ಕೊಟ್ಟಾರಕ್ಕರ, ಚೆಂಗನ್ನೂರು, ಕೋಟ್ಟಯಂ, ಎಟ್ಟುಮಾನೂರು. ರಬ್ಬರ್ ತೋಟಗಳ ನಡುವೆ ಏರಿಳಿಯುವ, ತಿರುವುಗಳ ದಾರಿ. ವಾಂತಿ ಬರುವವರಿಗೆ ಒಳ್ಳೆಯದಲ್ಲ. ಹಾಗಾಗಿ ಮೊದಲು ಬರೆದವರ ರೈಲನ್ನು ಪೂರ್ತಿ ಬಿಡಬೇಡಿ ಎನ್ನುತ್ತೇನೆ. ಹೋಗುವಾಗ ಎಲ್ಲರೂ ಕಾರಿನಲ್ಲಿ, ನಿಧಾನವಾಗಿ. ಬರುವಾಗ ಅಮ್ಮನೂ ಹೆಂಡತಿಯೂ ವಂದೇ ಭಾರತಿನಲ್ಲಿ. ನೀವು ಒಬ್ಬರೇ ಕಾರು ತನ್ನಿ.

ಹಾಗೆ ಮಾಡುವುದಾದರೆ ಕಾಲಡಿಯನ್ನು ಹೋಗುವಾಗಲೇ ಮುಗಿಸಿಕೊಳ್ಳಿ. ತೃಶೂರಿನಿಂದ ಕೊಚ್ಚಿಗೆ ಹೋಗುವಾಗ ಅಂಗಮಾಲಿಯಲ್ಲಿ ತಿರುಗಿದರೆ ಪೆರಿಯಾರ್ ದಂಡೆಯಲ್ಲಿ ಶಂಕರರ ಜನ್ಮಸ್ಥಳ. ಶೃಂಗೇರಿಯ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಗಳು 1910ರಲ್ಲಿ ಪ್ರತಿಷ್ಠೆ ಮಾಡಿದ ಕ್ಷೇತ್ರ. ಗದ್ದಲ ಕಡಿಮೆ. ಶಂಕರರ ತಾಯಿ ಆರ್ಯಾಂಬೆಯ ಸಮಾಧಿ ಅಲ್ಲೇ ಅಂಗಳದಲ್ಲಿದೆ, ಕೆಳಗೆ ಇಳಿದರೆ ಮೊಸಳೆ ಕಡವು ಎಂಬ ಸ್ನಾನಘಟ್ಟ.


ಪೆರ್ಲದ ಅಡಕೆಯವ:

ಎಲ್ಲರ ಉತ್ತರಗಳನ್ನೂ ನಿನ್ನೆ ರಾತ್ರಿ ಊಟದ ಬಳಿಕ ಅಮ್ಮನಿಗೆ ಓದಿ ಹೇಳಿದೆ. ದಿನಾಂಕ ಜನವರಿ 23ಕ್ಕೆ ಮುಂದೆ ಹೋಯಿತು, ದಿನ ಎಂಟಾಯಿತು. ದೋಣಿಮನೆ ಹೋಯಿತು, ಸರಕಾರಿ ದೋಣಿಯೂ ಅಮ್ಮನಿಗೆ ಬೇಡ (“ನೀರು ನಮ್ಮ ತೋಟದಲ್ಲೇ ಬೇಕಾದಷ್ಟು ನಿಲ್ಲುತ್ತದೆ”). ಅಂಬಲಪ್ಪುಳದ ಹಾಲುಪಾಯಸ ಮಾತ್ರ ಇರಲಿ ಎಂದರು, ಎಲ್ಲಿ ಕೇಳಿದ್ದರೋ. ಶಿವಗಿರಿ ಇದೆ. ಮಡಚುವ ಕುರ್ಚಿ ಬದಿಯಡ್ಕದಲ್ಲಿ ಕೊಂಡಾಯಿತು, ಈಗ ಜಗಲಿಯಲ್ಲಿ ಅದರ ಅಭ್ಯಾಸ ನಡೆಯುತ್ತಿದೆ. ಕೊಚ್ಚಿಯಲ್ಲಿ ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ ಎಂದು ಗೊತ್ತಾದ್ದರಿಂದ ಒಂದು ದಿನ ಆಚೀಚೆ ಮಾಡಬೇಕಾಗಿದೆ. ಅಲ್ಲಿನ ಗೋಡೆಯ ರಾಮಾಯಣ ಚಿತ್ರಗಳನ್ನು ಬಿಡುವುದಕ್ಕೆ ನನಗೆ ಮನಸ್ಸಿಲ್ಲ. ಎರ್ನಾಕುಲದಿಂದ ಫೋರ್ಟ್ ಕೊಚ್ಚಿಗೆ ಜಲಮೆಟ್ರೊದಲ್ಲಿ ಹೋಗುತ್ತೇವೆ. ತೇಲುವ ಕಟ್ಟೆಯೂ ದೋಣಿಯೂ ಒಂದೇ ಮಟ್ಟದಲ್ಲಿರುವುದರಿಂದ ಗಾಲಿಕುರ್ಚಿಯೂ ಸಲೀಸಾಗಿ ಒಳಗೆ ಹೋಗುತ್ತದಂತೆ.

ರೈಲಿನ ಮಾತಿಗೆ ಅಮ್ಮ ಒಪ್ಪಲಾರರು ಎಂದುಕೊಂಡಿದ್ದೆ. ಕೂಡಲೇ ಒಪ್ಪಿದರು. ನನ್ನ ಕಾರಿನ ಮೇಲೆ ಅವರಿಗೆ ಇರುವ ಅಭಿಪ್ರಾಯ ಆಗ ತಿಳಿಯಿತು.

ವಂಚಿಯೂರಿನ ಹಳಬರ ಉತ್ತರವನ್ನು ಎರಡು ಸಲ ಓದಿಸಿಕೊಂಡರು. ಅಕ್ಕರೆ ಇಕ್ಕರೆಯ ಸಂಗತಿ ಕೇಳಿ “ಹಾಗಾದರೆ ನಮ್ಮವರೇ ಅಲ್ಲಿ ಇದ್ದಾರೆ” ಎಂದು ಸೀರೆಯ ಸಂಖ್ಯೆ ಒಂದು ಹೆಚ್ಚಿಸಿದರು. ಮೊಸಳೆ ಕಡವು ಎಂದಾಗ ಮಾತ್ರ ಓದು ನಿಲ್ಲಿಸಿದರು. ಹುಡುಗ ಶಂಕರನ ಕಾಲನ್ನು ಮೊಸಳೆ ಹಿಡಿದದ್ದು, ಸನ್ಯಾಸಕ್ಕೆ ಅಪ್ಪಣೆ ಕೊಟ್ಟರೆ ಬಿಡುತ್ತದೆ ಎಂದು ಅವನು ಕೂಗಿದ್ದು, ತಾಯಿ ಒಪ್ಪಿದ್ದು, ಎಲ್ಲ ನಾನು ಚಿಕ್ಕಂದಿನಲ್ಲಿ ಅವರ ಬಾಯಿಯಿಂದಲೇ ಕೇಳಿದ ಕಥೆ. “ಆ ಜಾಗ ಕೇರಳದಲ್ಲಿರುವುದೇ?” ಎಂದರು. ಹೌದು, ನಮ್ಮದೇ ರಾಜ್ಯದಲ್ಲಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಲಡಿಯಲ್ಲಿ ಒಂದು ರಾತ್ರಿ ನಿಲ್ಲಬೇಕು ಎಂದರು. ಕೊಚ್ಚಿಯಲ್ಲಿ ಒಂದು ರಾತ್ರಿ ಕಡಿಮೆಯಾದರೂ ಚಿಂತೆಯಿಲ್ಲ, ಆ ತಾಯಿಯ ಸಮಾಧಿಯ ಹತ್ತಿರ ಕುರ್ಚಿ ಹಾಕಿ ಕುಳಿತುಕೊಳ್ಳುತ್ತೇನೆ, ಅವಸರ ಮಾಡಬಾರದು.

ಹಾಗಾಗಿ ಕೊನೆಯದಾಗಿ ಎರಡು ವಿಷಯ. ಕಾಲಡಿಯಲ್ಲಿ ನೆಲಮಹಡಿಯಲ್ಲೇ ಕೋಣೆ ಸಿಗುವ ವಸತಿಗೃಹ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಮತ್ತೆ, ಪೆರ್ಲದ ಸುತ್ತಮುತ್ತ ಎಂಟು ದಿನ ತೋಟಕ್ಕೆ ಸ್ಪ್ರಿಂಕ್ಲರ್ ಬಿಡುವವರು ಯಾರಾದರೂ ಇದ್ದರೆ ಹೇಳಿ. ಪಂಪು ಕೆಲವೊಮ್ಮೆ ಗಾಳಿ ಹಿಡಿಯುತ್ತದೆ, ಒಂದು ಕೊಡ ನೀರು ಹೊಯ್ದರೆ ಸರಿಯಾಗುತ್ತದೆ.